ಹುಳು ಮನೆಯ ಫ್ಯಾನ್ ಆಫ್ ಆದಾಗಲೆಲ್ಲ ಆರ್ಡುಯಿನೊ ಯಾಕೆ ರೀಸೆಟ್ ಆಗುತ್ತೆ?

ಪ್ರಶ್ನೆ: ನಾವು ಶಿಡ್ಲಘಟ್ಟ ತಾಲ್ಲೂಕಿನವರು, ಮನೇಲಿ ರೇಷ್ಮೆ ಹುಳು ಸಾಕುತ್ತೇವೆ. ನಾನು ಡಿಪ್ಲೊಮಾ ಓದುತ್ತಿದ್ದೇನೆ. ಹುಳು ಮನೆಯ ಎರಡು ಸೀಲಿಂಗ್ ಫ್ಯಾನ್, ಒಂದು ಎಕ್ಸಾಸ್ಟ್ ಫ್ಯಾನ್ ಮತ್ತು ಎಲ್‌ಇಡಿ ಬಲ್ಬುಗಳನ್ನು ಆರ್ಡುಯಿನೊ ಊನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡು), ನಾಲ್ಕು ರಿಲೇ (ಸಣ್ಣ ಕರೆಂಟಿನಿಂದ ಆನ್ ಆಫ್ ಆಗುವ ಸ್ವಿಚ್) ಇರುವ ಬೋರ್ಡು, ಬಿಸಿ ಮತ್ತು ತೇವ ಅಳೆಯುವ ಡಿಎಚ್‌ಟಿ22 ಸೆನ್ಸರ್ ಇಟ್ಟುಕೊಂಡು ನಡೆಸಬೇಕು ಅಂತ ಹೊರಟೆ. 12 ವೋಲ್ಟ್ ಅಡಾಪ್ಟರ್ ಕೊಟ್ಟಿದ್ದೇನೆ. ಫ್ಯಾನ್ ಆನ್ ಆಗುತ್ತೆ, ಆದರೆ ಆಫ್ ಆಗುವಾಗ ಎಷ್ಟೋ ಸಲ ಆರ್ಡುಯಿನೊ ರೀಸೆಟ್ ಆಗುತ್ತೆ. ಬಲ್ಬುಗಳು ಆಫ್ ಆದ ಮೇಲೂ ಸಣ್ಣಗೆ ಮಿಣುಕುತ್ತವೆ. ಫ್ಯಾನಿನ ಸ್ಪೀಡನ್ನೂ ಇದರಲ್ಲೇ ಹೆಚ್ಚು ಕಡಿಮೆ ಮಾಡಬಹುದಾ? ಅಪ್ಪ ಮಾತ್ರ "ಕರೆಂಟ್ ಜೊತೆ ಆಟ ಬೇಡ, ಬೆಳೆ ಹೋದ್ರೆ ಯಾರು ಕೊಡ್ತಾರೆ" ಅಂತಿದ್ದಾರೆ.

ಉತ್ತರ: ರೀಸೆಟ್‌ಗೆ ಕಾರಣವನ್ನು ಪ್ರೋಗ್ರಾಂನಲ್ಲಿ ಹುಡುಕಬೇಡಿ. ಅದು ರಿಲೇಯ ಆಚೆ ಬದಿಯಲ್ಲಿ, 230 ವೋಲ್ಟ್ ಇರುವ ಕಡೆ ಇರಬಹುದು. ಇಲ್ಲಾ ನಿಮ್ಮ ಅಡಾಪ್ಟರ್‌ನಲ್ಲಿ ಇರಬಹುದು. ಎರಡರಲ್ಲಿ ಯಾವುದು ಅಂತ ಹತ್ತು ನಿಮಿಷದಲ್ಲಿ ಗೊತ್ತು ಮಾಡಿಕೊಳ್ಳಬಹುದು.

ಎಂಸಿಬಿ ಆಫ್ ಮಾಡಿ, ರಿಲೇಯಿಂದ ಫ್ಯಾನಿಗೆ ಹೋಗುವ ವೈರ್ ಬಿಚ್ಚಿ. ಈಗ ರಿಲೇ ಲೋಡ್ ಇಲ್ಲದೆ ಸುಮ್ನೆ ಟಿಕ್ ಟಿಕ್ ಅನ್ನಲಿ. ಆಗಲೂ ರೀಸೆಟ್ ಆದರೆ ತಪ್ಪು ಪವರ್ ಸಪ್ಲೈನಲ್ಲಿದೆ. ಆಗದಿದ್ದರೆ ಫ್ಯಾನಿನ ಜಾಗದಲ್ಲಿ ಹಳೆಯ 60 ವ್ಯಾಟಿನ ತಂತಿ ಬಲ್ಬು ಹಾಕಿ ನೋಡಿ. ಬಲ್ಬಿಗೆ ಸುಮ್ಮನಿದ್ದು ಫ್ಯಾನಿಗೆ ಮಾತ್ರ ರೀಸೆಟ್ ಆದರೆ, ಕಾರಣ ಫ್ಯಾನಿನ ಸುರುಳಿ. ನಿಮ್ಮಲ್ಲಿ ಎರಡೂ ಸೇರಿಕೊಂಡಿವೆ ಅಂತ ನನ್ನ ಅಂದಾಜು.

ಮೊದಲು ಸಪ್ಲೈ. ಈ ನೀಲಿ ಡಬ್ಬಿ ರಿಲೇಗಳ ಒಳಗಿನ ಕಾಯಿಲ್ ಒಂದೊಂದೂ 5 ವೋಲ್ಟಿನಲ್ಲಿ ಸುಮಾರು 70 ಮಿಲಿ ಆಂಪಿಯರ್ ಎಳೆಯುತ್ತೆ. ನಾಲ್ಕೂ ಆನ್ ಆದರೆ 280. ನೀವು 12 ವೋಲ್ಟ್ ಕೊಟ್ಟಿದ್ದೀರಿ. ಊನೊ ಮೇಲಿರುವ ಪುಟ್ಟ ರೆಗ್ಯುಲೇಟರ್ ಅದನ್ನು 5ಕ್ಕೆ ಇಳಿಸುತ್ತೆ. ಉಳಿದ 7 ವೋಲ್ಟನ್ನು ಅದು ಬಿಸಿಯಾಗಿ ಸುಡಬೇಕು. ಲೆಕ್ಕ ಹಾಕಿ, ಆರ್ಡುಯಿನೊ ತಾನು ಎಳೆಯುವುದೂ ಸೇರಿದರೆ ಎರಡು ವ್ಯಾಟಿಗಿಂತ ಜಾಸ್ತಿ. ಬೆರಳಿಟ್ಟರೆ ಚುರ್ ಅನ್ನುವಷ್ಟು ಬಿಸಿ. ಕಾದ ರೆಗ್ಯುಲೇಟರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೋಲ್ಟೇಜ್ ಇಳಿಸುತ್ತೆ, ಆರ್ಡುಯಿನೊ ಮತ್ತೆ ಮೊದಲಿನಿಂದ ಶುರು ಆಗುತ್ತೆ.

ಇದಕ್ಕೆ ಎರಡು ಒಳ್ಳೆಯ ಮೊಬೈಲ್ ಚಾರ್ಜರ್ ಸಾಕು. ಒಂದು ಯುಎಸ್‌ಬಿ ಮೂಲಕ ಆರ್ಡುಯಿನೊಗೆ, ಇನ್ನೊಂದು ರಿಲೇ ಕಾಯಿಲ್‌ಗಳಿಗೆ. ನಿಮ್ಮ ರಿಲೇ ಬೋರ್ಡಿನ ಮೂಲೆಯಲ್ಲಿ ಜೆಡಿ-ವಿಸಿಸಿ ಅಂತ ಬರೆದ ಪಿನ್ ಮೇಲೆ ಒಂದು ಚಿಕ್ಕ ಜಂಪರ್ ಇರುತ್ತೆ. ಅದನ್ನು ಕಿತ್ತು, ಎರಡನೇ ಚಾರ್ಜರಿನ 5 ವೋಲ್ಟನ್ನು ಜೆಡಿ-ವಿಸಿಸಿಗೆ, ಅದರ ಮೈನಸ್ಸನ್ನು ಬೋರ್ಡಿನ ಗ್ರೌಂಡಿಗೆ ಕೊಡಿ. ಆರ್ಡುಯಿನೊ ಕಡೆಯಿಂದ 5 ವೋಲ್ಟು ವಿಸಿಸಿಗೆ ಹೋಗಲಿ, ನಾಲ್ಕು ಇನ್‌ಪುಟ್ ವೈರ್ ಹೋಗಲಿ. ಆರ್ಡುಯಿನೊದ ಗ್ರೌಂಡನ್ನು ರಿಲೇ ಬೋರ್ಡಿಗೆ ಕೊಡಲೇಬೇಡಿ. ಬೋರ್ಡಿನಲ್ಲಿ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಚಿಪ್) ಇಟ್ಟಿರುವುದೇ ಎರಡು ಬದಿ ಬೇರೆ ಇರಲಿ ಅಂತ. ಜಂಪರ್ ಕೀಳದೆ ಹಾಗೇ ಬಿಟ್ಟರೆ ಕಾಯಿಲ್‌ನ ಗಲಾಟೆಯೆಲ್ಲ ಮತ್ತೆ ಆರ್ಡುಯಿನೊಗೇ ಬರುತ್ತೆ. ನನ್ನ ಕೈಗೆ ರಿಪೇರಿಗೆ ಬಂದ ಬೋರ್ಡುಗಳಲ್ಲಿ ಹೆಚ್ಚಿನವುಗಳಲ್ಲಿ ಆ ಜಂಪರ್ ಹಾಗೇ ಇತ್ತು.

ಇನ್ನು ಫ್ಯಾನಿನ ಸುರುಳಿ. ಸೀಲಿಂಗ್ ಫ್ಯಾನ್ 75 ವ್ಯಾಟ್ ಅಂದರೆ ಆಂಪಿಯರಿನ ಮೂರನೇ ಒಂದು ಭಾಗ ಅಷ್ಟೇ. ರಿಲೇ ಮೇಲೆ 10 ಆಂಪಿಯರ್ ಅಂತ ಇರುತ್ತೆ, ಹಾಗಾಗಿ ಎಲ್ಲರೂ ಧೈರ್ಯವಾಗಿರುತ್ತಾರೆ. ಆದರೆ ಆ 10 ಇಸ್ತ್ರಿಪೆಟ್ಟಿಗೆಯಂಥ ಲೋಡಿಗೆ ಹೇಳಿದ ಅಂಕಿ. ಮೋಟಾರಿನ ಸುರುಳಿಯಲ್ಲಿ ಹರಿಯುವ ಕರೆಂಟು ತಟ್ಟನೆ ನಿಲ್ಲಲು ಒಪ್ಪುವುದಿಲ್ಲ. ಕಾಂಟ್ಯಾಕ್ಟ್ ಬಿಟ್ಟ ಕೂಡಲೇ ಆ ಸಣ್ಣ ಸಂದಿಯಲ್ಲಿ ವೋಲ್ಟೇಜ್ ನೂರಾರು ವೋಲ್ಟಿಗೆ ಜಿಗಿದು ಕಿಡಿ ಹಾರುತ್ತೆ. ರಾತ್ರಿ ಲೈಟ್ ಆರಿಸಿ ನೋಡಿದರೆ ಗೋಡೆಯ ಸ್ವಿಚ್ಚಿನಲ್ಲೂ ಅದೇ ನೀಲಿ ಕಿಡಿ ಕಾಣುತ್ತೆ ಅಲ್ವಾ? ಆ ಕಿಡಿಯಿಂದ ರೇಡಿಯೊ ಅಲೆ ಹೊರಡುತ್ತೆ. ಹತ್ತಿರದ ಜಂಪರ್ ವೈರುಗಳು, ಸೆನ್ಸರಿನ ಉದ್ದ ವೈರು ಅದನ್ನು ಏರಿಯಲ್ ಥರ ಹಿಡಿಯುತ್ತವೆ. ಆರ್ಡುಯಿನೊ ರೀಸೆಟ್ ಆಗುವುದು, ಡಿಎಚ್‌ಟಿ22 ಮಾತು ನಿಲ್ಲಿಸುವುದು ಇದಕ್ಕೇ.

ಕಿಡಿಯನ್ನು ಅದು ಹುಟ್ಟುವ ಜಾಗದಲ್ಲೇ ತಣಿಸಬೇಕು. 0.1 ಮೈಕ್ರೊಫ್ಯಾರಡ್ ಕೆಪಾಸಿಟರ್, ಜೊತೆಗೆ ಸರಣಿಯಲ್ಲಿ 100 ಓಮ್, ಒಂದು ವ್ಯಾಟ್ ರೆಸಿಸ್ಟರ್. ಇದನ್ನು ಸ್ನಬರ್ ಅಂತಾರೆ. ಕೆಪಾಸಿಟರ್ ಮೇಲೆ ಎಕ್ಸ್2 ಅಂತಲೂ 275 ವೋಲ್ಟ್ ಎಸಿ ಅಂತಲೂ ಇರಲೇಬೇಕು. ಅಂಗಡಿಯಲ್ಲಿ 400 ವೋಲ್ಟಿನ ಮಾಮೂಲಿ ಕೆಪಾಸಿಟರ್ ಕೊಟ್ಟು "ಇದೂ ಆಗುತ್ತೆ" ಅಂದರೆ ತಗೋಬೇಡಿ. 230 ವೋಲ್ಟ್ ಅನ್ನುವುದು ಒಂದು ಬಗೆಯ ಸರಾಸರಿಯ ಲೆಕ್ಕ, ಅಲೆಯ ತುದಿ 325 ವೋಲ್ಟ್ ಮುಟ್ಟುತ್ತೆ. ಮೇಲೆ ಹಳ್ಳಿ ಲೈನಿನ ಏರಿಳಿತ ಬೇರೆ. ಮಾಮೂಲಿ ಕೆಪಾಸಿಟರ್ ಒಂದು ದಿನ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು. ಎಕ್ಸ್2 ಕೆಪಾಸಿಟರನ್ನು ಲೈನಿಗೆ ಅಡ್ಡಲಾಗಿ ಕೂರಲಿ ಅಂತಲೇ ಮಾಡಿರುತ್ತಾರೆ.

ಸ್ನಬರನ್ನು ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಬಹಳ ಜನ ರಿಲೇ ಕಾಂಟ್ಯಾಕ್ಟಿನ ಎರಡು ತುದಿಗೆ ಹಾಕುತ್ತಾರೆ. ಆಗ ಕಾಂಟ್ಯಾಕ್ಟ್ ಬಿಟ್ಟಿದ್ದಾಗಲೂ ಕೆಪಾಸಿಟರ್ ಮೂಲಕ ಸುಮಾರು 7 ಮಿಲಿ ಆಂಪಿಯರ್ ಹರಿಯುತ್ತಲೇ ಇರುತ್ತೆ. ಅಷ್ಟರಲ್ಲಿ ಫ್ಯಾನ್ ತಿರುಗುವುದಿಲ್ಲ, ಆದರೆ ಫ್ಯಾನಿನ ವೈರ್ ಮುಟ್ಟಿದವರಿಗೆ ಹೊಡೆಯುತ್ತೆ. ಅದಕ್ಕೇ ನಾನು ರಿಲೇ ದಾಟಿದ ಮೇಲೆ, ಫ್ಯಾನಿಗೆ ಹೋಗುವ ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಾಕುತ್ತೇನೆ. ಆಫ್ ಆದಾಗ ಅದರಲ್ಲಿ ಏನೂ ಹರಿಯುವುದಿಲ್ಲ. ಸೆನ್ಸರಿನ ವೈರನ್ನು ಮೇನ್ಸ್ ವೈರಿನ ಪಕ್ಕದಲ್ಲಿ ಒಂದೇ ಪೈಪಿನಲ್ಲಿ ಎಳೆಯಬೇಡಿ. ಅಡ್ಡ ಹಾಯಲೇಬೇಕಾದರೆ ಪ್ಲಸ್ ಗುರುತಿನ ಹಾಗೆ ನೇರ ಅಡ್ಡಕ್ಕೆ ಹಾಯಲಿ.

ಬಲ್ಬು ಮಿಣುಕುವ ವಿಷಯ. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ನಿಮ್ಮ ರಿಲೇ ಫೇಸ್ ಬಿಟ್ಟು ನ್ಯೂಟ್ರಲನ್ನು ಕತ್ತರಿಸುತ್ತಿದೆ ಅನ್ನುವ ಅನುಮಾನ ನನಗೆ. ಹಳ್ಳಿ ಮನೆಗಳಲ್ಲಿ ಯಾವಾಗಲೋ ಯಾರೋ ಲೈನ್ ಬದಲಾಯಿಸಿದಾಗ ಎರಡೂ ಅದಲು ಬದಲಾಗಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ನ್ಯೂಟ್ರಲ್ ಕತ್ತರಿಸಿದರೂ ಬಲ್ಬು ಆರುತ್ತೆ. ಆದರೆ ಹೋಲ್ಡರಿನಲ್ಲಿ ಫೇಸ್ ಹಾಗೇ ಕೂತಿರುತ್ತೆ. ಕೆಲಸ ಕಲಿಯುವ ಕಾಲದಲ್ಲಿ ನಾನು ಹೀಗೇ ಸ್ವಿಚ್ ಆಫ್ ಮಾಡಿ, ಬಲ್ಬು ಆರಿದ್ದನ್ನು ಕಣ್ಣಾರೆ ನೋಡಿ, ಏಣಿ ಹತ್ತಿ ಹೋಲ್ಡರಿಗೆ ಕೈ ಹಾಕಿದೆ. ಹೊಡೆದ ಹೊಡೆತಕ್ಕೆ ಏಣಿಯಿಂದ ಬಿದ್ದೆ. ಮುಂಗೈ ತಿಂಗಳುಗಟ್ಟಲೆ ಬ್ಯಾಂಡೇಜಿನಲ್ಲಿತ್ತು. ಆವತ್ತಿನಿಂದ ಬಲ್ಬು ಆರಿದೆ ಅನ್ನುವುದನ್ನು ಕರೆಂಟ್ ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಂತ ನಾನು ಒಪ್ಪುವುದಿಲ್ಲ.

ಟೆಸ್ಟರ್ ಒಂದನ್ನೇ ನಂಬಬೇಡಿ. ಮಲ್ಟಿಮೀಟರನ್ನು ಎಸಿ 750 ವೋಲ್ಟಿನ ರೇಂಜಿಗೆ ಇಟ್ಟು, ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ನೋಡಿ, ಆಮೇಲೆ ನಿಮ್ಮ ವೈರಿನಲ್ಲಿ ನೋಡಿ, ಮತ್ತೆ ಪ್ಲಗ್ಗಿನಲ್ಲಿ ನೋಡಿ. ಮೀಟರೇ ಕೆಟ್ಟಿದ್ದರೆ ಹೀಗೆ ಗೊತ್ತಾಗುತ್ತೆ. ಫೇಸ್ ನ್ಯೂಟ್ರಲ್ ಅದಲು ಬದಲಾಗಿದ್ದರೆ ಅದನ್ನು ಬೋರ್ಡಿನಲ್ಲೇ ಸರಿ ಮಾಡಿಸಿ. ಲೈಸೆನ್ಸ್ ಇರುವ ವೈರ್‌ಮ್ಯಾನ್ ಮಾಡಲಿ, ನೀವು ಪಕ್ಕದಲ್ಲಿ ನಿಂತು ಕಲಿಯಿರಿ. ಫೇಸನ್ನೇ ಕತ್ತರಿಸುತ್ತಿದ್ದೂ ಮಿಣುಕಿದರೆ, ಒಂದೇ ಪೈಪಿನಲ್ಲಿ ಕರೆಂಟ್ ಇರುವ ವೈರೂ ಆಫ್ ಆದ ವೈರೂ ಉದ್ದಕ್ಕೂ ಅಂಟಿಕೊಂಡು ಹೋಗಿವೆ ಅಂತ ಅರ್ಥ. ಒಂದರ ವೋಲ್ಟೇಜ್ ಇನ್ನೊಂದಕ್ಕೆ ಸ್ವಲ್ಪ ಸೋರುತ್ತೆ. ಎಲ್‌ಇಡಿ ಬಲ್ಬಿಗೆ ಅಷ್ಟೇ ಸಾಕು. ಬಲ್ಬಿನ ಎರಡು ತುದಿಗೆ ಅದೇ ಎಕ್ಸ್2 ಸ್ನಬರ್ ಹಾಕಿದರೆ ನಿಲ್ಲುತ್ತೆ.

ಸ್ಪೀಡಿನ ಪ್ರಶ್ನೆಗೆ ನನ್ನ ಉತ್ತರ: ಬೇಡ. ಆಗುವುದಿಲ್ಲ ಅಂತಲ್ಲ. ಟ್ರಯಾಕ್ (ಎಸಿ ಕರೆಂಟಿನ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ, ಅಲೆ ಸೊನ್ನೆ ದಾಟುವ ಗಳಿಗೆಯನ್ನು ಹಿಡಿದು, 10 ಮಿಲಿಸೆಕೆಂಡಿನ ಪ್ರತಿ ಅರ್ಧ ಅಲೆಯಲ್ಲೂ ಸ್ವಲ್ಪ ತಡೆದು ಆನ್ ಮಾಡಿದರೆ ಸ್ಪೀಡ್ ಇಳಿಯುತ್ತೆ. ಹಾಗೆ ಮಾಡುವವರು ಟ್ರಯಾಕನ್ನು ಆನ್ ಮಾಡುವ ಚಿಪ್ಪಾಗಿ ಎಂಒಸಿ3021 ತಗೋಬೇಕು. ಎಂಒಸಿ3041 ತಂದರೆ ಅದು ಸೊನ್ನೆಯಲ್ಲಿ ಮಾತ್ರ ಆನ್ ಆಗುವುದರಿಂದ ಸ್ಪೀಡ್ ಹೊಂದಿಸಲು ಆಗುವುದೇ ಇಲ್ಲ, ತುಂಬ ಜನ ಇಲ್ಲೇ ವಾರಗಟ್ಟಲೆ ಸಿಕ್ಕಿ ಬೀಳುತ್ತಾರೆ. ಆದರೆ ಹೀಗೆ ಕತ್ತರಿಸಿದ ಅಲೆಗೆ ಫ್ಯಾನ್ ಗುಂಯ್ ಅನ್ನುತ್ತೆ, ಮೋಟಾರ್ ಬಿಸಿಯಾಗುತ್ತೆ. ಮನೆಯಲ್ಲಿ ಹಾಕುವ ಎಲ್‌ಇಡಿ ಬಲ್ಬಿಗಂತೂ ಇದನ್ನು ಕೊಡಲೇಬಾರದು. ಹುಳು ಮನೆಗೆ ಬೇಕಾದದ್ದು ಗಾಳಿ ಆಡುವುದು. ಗೋಡೆಯ ಹಂತ ಹಂತದ ರೆಗ್ಯುಲೇಟರನ್ನು ಮೂರಕ್ಕೆ ಇಟ್ಟು, ರಿಲೇಯಿಂದ ಹತ್ತು ನಿಮಿಷ ಆನ್, ಐದು ನಿಮಿಷ ಆಫ್ ಮಾಡಿದರೆ ಕೆಲಸ ಆಯಿತು. ಹೊಸ ಫ್ಯಾನ್ ತರುವುದಾದರೆ ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನ್ ತನ್ನಿ. ಸುಮಾರು 30 ವ್ಯಾಟಿನಲ್ಲಿ ಓಡುತ್ತೆ. ಆ ರಿಮೋಟ್ ಇನ್‌ಫ್ರಾರೆಡ್ ಆಗಿದ್ದರೆ, ಅದರ ಸಿಗ್ನಲನ್ನು ಆರ್ಡುಯಿನೊಗೆ ಕಲಿಸಿ ಒಂದು ಪುಟ್ಟ ಎಲ್‌ಇಡಿಯಿಂದ ಕಳಿಸಬಹುದು. ಐದೂ ಸ್ಪೀಡ್ ಸಿಗುತ್ತೆ, 230 ವೋಲ್ಟಿನ ಹತ್ತಿರ ನೀವು ಹೋಗುವುದೇ ಇಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದೇ.

ಈಗ ನಿಮ್ಮ ತಂದೆಯ ಮಾತಿಗೆ ಬರುತ್ತೇನೆ. ಅವರು ಕೇಳುತ್ತಿರುವುದು ಸರಿಯಾದ ಪ್ರಶ್ನೆ. ಈ ಬೋರ್ಡು ಕೆಟ್ಟ ದಿನ ಫ್ಯಾನ್ ಏನು ಮಾಡುತ್ತೆ? ಕೆಡುವುದಂತೂ ಒಂದು ದಿನ ಇದ್ದೇ ಇದೆ.

ಎರಡನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಹುಳು ತಂದು ಸಾಕುವವರು ನೀವಾಗಿದ್ದರೆ, ನಿಮ್ಮ ಮನೆಯಲ್ಲಿರುವುದು ಬರೀ ದೊಡ್ಡ ಹುಳು. ಅವಕ್ಕೆ 24ರಿಂದ 26 ಡಿಗ್ರಿ, ತೇವ ಶೇಕಡ 70ರ ಆಸುಪಾಸು ಬೇಕು. ಹುಳು ಹಣ್ಣಾಗಿ ಚಂದ್ರಂಕಿ (ಗೂಡು ಕಟ್ಟಲು ಬಿಡುವ ತಟ್ಟೆ) ಹತ್ತಿದ ಮೇಲೆ ಗಾಳಿ ಇನ್ನೂ ಮುಖ್ಯ. ಗೂಡು ಕಟ್ಟುವ ಮುಂಚೆ ಹುಳು ಮೈಯಲ್ಲಿ ಹೆಚ್ಚಾದ ನೀರನ್ನು ಬಿಡುತ್ತೆ, ಆ ತೇವ ಹೊರಗೆ ಹೋಗದಿದ್ದರೆ ಗೂಡು ಕೆಡುತ್ತೆ, ಮಾರ್ಕೆಟ್ಟಿನಲ್ಲಿ ರೇಟು ಬೀಳುತ್ತೆ. ಹಾಗಾಗಿ ಇಲ್ಲಿ ಬೋರ್ಡು ಸತ್ತರೆ ಫ್ಯಾನ್ ಓಡುತ್ತಲೇ ಇರಬೇಕು. ರಿಲೇಯಲ್ಲಿ ಮೂರು ಸ್ಕ್ರೂ ಇವೆ: ಕಾಮನ್, ಎನ್‌ಒ (ರಿಲೇ ಆಫ್ ಇದ್ದಾಗ ಕಾಮನ್‌ಗೆ ಸೇರದ ತುದಿ), ಎನ್‌ಸಿ (ಆಫ್ ಇದ್ದಾಗ ಸೇರಿರುವ ತುದಿ). ಎಲ್ಲರೂ ಕಣ್ಣು ಮುಚ್ಚಿ ಎನ್‌ಒಗೆ ಹಾಕುತ್ತಾರೆ. ನೀವು ಎಕ್ಸಾಸ್ಟ್ ಮತ್ತು ಫ್ಯಾನುಗಳನ್ನು ಎನ್‌ಸಿಗೆ ಹಾಕಿ. ಆಗ ರಿಲೇಗೆ ಕರೆಂಟ್ ಇಲ್ಲದಿದ್ದರೆ ಫ್ಯಾನ್ ಓಡುತ್ತೆ, ಆರ್ಡುಯಿನೊ ಬದುಕಿದ್ದು ಬೇಕು ಅಂತಲೇ ನಿಲ್ಲಿಸಿದರೆ ಮಾತ್ರ ನಿಲ್ಲುತ್ತೆ. ಬಲ್ಬು ಎನ್‌ಒದಲ್ಲಿರಲಿ. ಚಾಕಿ ಹುಳು (ಎಳೇ ಹುಳು) ಸಾಕುವ ಮನೆಯಾದರೆ ಲೆಕ್ಕ ಉಲ್ಟಾ. ಅಲ್ಲಿ ಫ್ಯಾನ್ ಓಡುತ್ತಲೇ ಇದ್ದರೆ ಎಳೇ ಸೊಪ್ಪು ಬಾಡಿ ಹುಳು ತಿನ್ನುವುದಿಲ್ಲ, ಅಲ್ಲಿಗೆ ಎನ್‌ಒ ಸರಿ.

ಜೊತೆಗೆ, ಮೆಟ್ಟಿಲಿಗೆ ಹಾಕುವ ಟೂ-ವೇ ಸ್ವಿಚ್ ಒಂದೊಂದು ಫ್ಯಾನಿಗೂ ಹಾಕಿಸಿ. ನಡುವಿನ ತುದಿಗೆ ಫೇಸ್, ಒಂದು ತುದಿ ರಿಲೇ ಕಾಮನ್‌ಗೆ, ಇನ್ನೊಂದು ನೇರ ಫ್ಯಾನಿಗೆ. ಮೇಲೆ ಒತ್ತಿದರೆ ಆರ್ಡುಯಿನೊ ನಡೆಸುತ್ತೆ, ಕೆಳಗೆ ಒತ್ತಿದರೆ ನಿಮ್ಮ ತಂದೆ ನಡೆಸುತ್ತಾರೆ. ರಾತ್ರಿ ಎರಡು ಗಂಟೆಗೆ ಸೊಪ್ಪು ಹಾಕಲು ಎದ್ದವರಿಗೆ ಲ್ಯಾಪ್‌ಟಾಪ್ ಹುಡುಕುವ ಕಷ್ಟ ಇರಬಾರದು. ಒಂದು ಎಚ್ಚರ: ಸ್ವಿಚ್ ನೇರದ ಕಡೆ ಇದ್ದಾಗಲೂ ಫ್ಯಾನಿನ ವೈರಿನಿಂದ ಹಿಂದಕ್ಕೆ ರಿಲೇ ಸ್ಕ್ರೂಗಳ ಮೇಲೆ ಫೇಸ್ ಬಂದಿರುತ್ತೆ. ಡಬ್ಬಿ ತೆಗೆಯುವ ಮುಂಚೆ ಎಂಸಿಬಿ ಇಳಿಸಲೇಬೇಕು.

ಪ್ರೋಗ್ರಾಂನಲ್ಲಿ ಮೂರು ಕಡೆ ನೋಡಿ. ಈ ಬೋರ್ಡಿನಲ್ಲಿ ಪಿನ್ನಿಗೆ ಲೋ (ಸೊನ್ನೆ ವೋಲ್ಟ್) ಕೊಟ್ಟರೆ ರಿಲೇ ಆನ್ ಆಗುತ್ತೆ, ಅಂದರೆ ಎನ್‌ಸಿಯಲ್ಲಿರುವ ಫ್ಯಾನ್ ನಿಲ್ಲುತ್ತೆ. ಸೆಟಪ್‌ನಲ್ಲಿ ಮೊದಲು ಪಿನ್ನಿಗೆ ಹೈ ಬರೆದು, ಆಮೇಲೆ ಅದನ್ನು ಔಟ್‌ಪುಟ್ ಮಾಡಿ. ಉಲ್ಟಾ ಮಾಡಿದರೆ ಪ್ರತಿ ಸಲ ಕರೆಂಟ್ ಬಂದಾಗ ನಾಲ್ಕೂ ರಿಲೇ ಒಮ್ಮೆ ಪಟ್ ಅನ್ನುತ್ತವೆ. ಎರಡನೆಯದು, ಡಿಎಚ್‌ಟಿ22 ಉತ್ತರ ಕೊಡದಿದ್ದರೆ ಲೈಬ್ರರಿ ನಿಮಗೆ ಸಂಖ್ಯೆಯೇ ಅಲ್ಲದ ಒಂದು ಬೆಲೆ ಕೊಡುತ್ತೆ. ಅದನ್ನು 26ಕ್ಕಿಂತ ಜಾಸ್ತಿನಾ ಅಂದರೂ ಅಲ್ಲ, ಕಡಿಮೆನಾ ಅಂದರೂ ಅಲ್ಲ ಅನ್ನುತ್ತೆ. ಪ್ರೋಗ್ರಾಂ ಕೊನೆಯ ಸಲ ಏನು ಮಾಡಿತ್ತೋ ಹಾಗೇ ನಿಂತುಬಿಡುತ್ತೆ, ಫ್ಯಾನ್ ಆಫ್ ಆಗಿದ್ದರೆ ಬೆಳಗಿನ ತನಕ ಆಫ್. ಅದಕ್ಕೇ ಆ ಬೆಲೆಯನ್ನು ಬೇರೆಯಾಗಿ ಪರೀಕ್ಷಿಸಿ, ಬಂದರೆ ಫ್ಯಾನ್ ಆನ್ ಅಂತ ಬರೆಯಿರಿ. ಮೂರನೆಯದು, ಆನ್ ಮಾಡುವುದಕ್ಕೂ ಆಫ್ ಮಾಡುವುದಕ್ಕೂ ಒಂದೇ ಡಿಗ್ರಿ ಇಡಬೇಡಿ. 27ಕ್ಕೆ ಆನ್, 25ಕ್ಕೆ ಆಫ್, ನಡುವೆ ಕನಿಷ್ಠ ಮೂರು ನಿಮಿಷ ಬದಲಾವಣೆ ಇಲ್ಲ. ಈ ರಿಲೇಗಳಿಗೆ ಪೂರ್ತಿ ಲೋಡಿನಲ್ಲಿ ಒಂದು ಲಕ್ಷ ಸಲದ ಆಯಸ್ಸು ಹೇಳುತ್ತಾರೆ. ಹತ್ತು ಸೆಕೆಂಡಿಗೊಮ್ಮೆ ಪಟಪಟ ಅಂದರೆ ಅದು ಹನ್ನೆರಡು ದಿನದಲ್ಲಿ ಮುಗಿಯುತ್ತೆ, ಒಂದು ಬೆಳೆಯ ಅರ್ಧಕ್ಕೇ.

ಡಬ್ಬಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಬೇರೆ ಊರಿನವರಿಗೆ ಇಲ್ಲದ ಕಷ್ಟ ನಮ್ಮ ಕಡೆಯ ಹುಳು ಮನೆಗೆ ಇದೆ. ಹೋದ ವರ್ಷ ಒಬ್ಬರು ರಿಲೇ ಡಬ್ಬಿ ತಂದರು. ಮುಚ್ಚಳ ತೆಗೆದ ಕೂಡಲೇ ಬ್ಲೀಚಿಂಗ್ ಪೌಡರ್ ವಾಸನೆ ಮುಖಕ್ಕೆ ಹೊಡೆಯಿತು. ಸ್ಕ್ರೂಗಳ ಮೇಲೆ ಹಸಿರು ಕಿಲುಬು. ತಾಮ್ರದ ಎಳೆಗಳು ಕರಿದಾಗಿ, ಬೆರಳಲ್ಲಿ ಮುಟ್ಟಿದರೆ ಪುಡಿ ಪುಡಿ. ರಿಲೇ ಬುಡದಲ್ಲಿ ಬೋರ್ಡು ಕಂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಸುಣ್ಣದ ಧೂಳೂ ತೇವವೂ ಸೇರಿ, 230 ವೋಲ್ಟಿನ ಗೆರೆಯಿಂದ 5 ವೋಲ್ಟಿನ ಗೆರೆಗೆ ಒಂದು ಸಣ್ಣ ದಾರಿ ಶುರುವಾಗಿತ್ತು. ಇನ್ನು ನಾಲ್ಕಾರು ದಿನ ಬಿಟ್ಟಿದ್ದರೆ ಸೆನ್ಸರಿನ ವೈರಿಗೆ ಫೇಸ್ ಬಂದಿರುತ್ತಿತ್ತು. ಆ ವೈರು ತಟ್ಟೆಗಳ ಪಕ್ಕದಲ್ಲೇ, ಮನೆಯವರ ಕೈಗೆ ಸಿಗುವ ಹಾಗೆ ನೇತಾಡುತ್ತಿತ್ತು.

ಬೆಳೆ ಮುಗಿದಾಗಲೆಲ್ಲ ನಾವು ಮನೆ ತೊಳೆಯುತ್ತೇವೆ, ಬ್ಲೀಚಿಂಗ್ ಹೊಡೆಯುತ್ತೇವೆ. ಆ ಗಾಳಿ ತಾಮ್ರವನ್ನು ತಿನ್ನುತ್ತೆ. ಹಾಗಾಗಿ ಡಬ್ಬಿಯನ್ನು ಹುಳು ಮನೆಯ ಒಳಗೆ ಇಡಬೇಡಿ. ಹೊರಗಿನ ಗೋಡೆಗೆ, ಮಳೆ ತಾಗದ ಕಡೆ, ತಲೆಗಿಂತ ಎತ್ತರಕ್ಕೆ ಹಾಕಿ. ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, ವೈರುಗಳು ಕೆಳಗಿನಿಂದ ಗ್ಲ್ಯಾಂಡ್ ಮೂಲಕ ಒಳಗೆ ಬರಲಿ. ಒಳಗೆ ಮೇನ್ಸ್ ಒಂದು ಬದಿ, 5 ವೋಲ್ಟ್ ಇನ್ನೊಂದು ಬದಿ, ನಡುವೆ ಎಲ್ಲಿಯೂ 8 ಮಿಲಿಮೀಟರಿಗಿಂತ ಕಡಿಮೆ ಅಂತರ ಬೇಡ. ಬ್ರೆಡ್‌ಬೋರ್ಡ್ ಮತ್ತು ಜಂಪರ್ ವೈರ್ 230 ವೋಲ್ಟಿನ ಕಡೆ ಒಂದು ಇಂಚೂ ಹೋಗಬಾರದು. ಅಲ್ಲಿ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಇರಲಿ. ಬ್ಲೀಚಿಂಗ್ ಹೊಡೆಯುವ ದಿನ ಸೆನ್ಸರನ್ನು ಬಿಚ್ಚಿ ಮನೆಗೆ ತಗೊಂಡು ಹೋಗಿ.

ಈ ಲೈನಿಗೆ 6 ಆಂಪಿಯರಿನ ಎಂಸಿಬಿ, ಅದಕ್ಕೂ ಮುಂದೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ದುಡ್ಡು ಸಾಲದಿದ್ದರೆ ಒಂದು ಫ್ಯಾನಿನ ಆಟೊಮ್ಯಾಟಿಕ್ ಕೈಬಿಡಿ, ಆರ್‌ಸಿಸಿಬಿ ಕೈಬಿಡಬೇಡಿ. ನೆಲ ಒದ್ದೆ, ಕಾಲಲ್ಲಿ ಚಪ್ಪಲಿ ಇಲ್ಲ, ಕಬ್ಬಿಣದ ಸ್ಟ್ಯಾಂಡ್. ಅಂಥ ಕಡೆ ಫೇಸ್ ಮೈ ಮೂಲಕ ನೆಲಕ್ಕೆ ಇಳಿದರೆ ಕ್ಷಣದಲ್ಲಿ ಲೈನ್ ಕಡಿಯುವುದು ಅದೊಂದೇ. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೂ ಗೊತ್ತಾಗುವುದಿಲ್ಲ. ಫ್ಯಾನುಗಳ ಮೈಗೆ, ಸ್ಟ್ಯಾಂಡುಗಳಿಗೆ ಅರ್ಥಿಂಗ್ ಕೊಡಿಸಿ.

ಈಗ ಹಾಕಿರುವುದನ್ನು ಮೊದಲು ಪೂರ್ತಿ ಬಿಚ್ಚಿ. ಮುಂದಿನ ಹುಳು ತರುವ ಮುಂಚೆ, ಖಾಲಿ ಮನೆಯಲ್ಲಿ ಒಂದು ವಾರ ಓಡಿಸಿ ನೋಡಿ. ಕೊನೆಯ ದಿನ ನಿಮ್ಮ ತಂದೆಯನ್ನು ಕರೆಯಿರಿ. ಅವರ ಎದುರಿಗೆ ಸೆನ್ಸರಿನ ವೈರನ್ನು ಕಿತ್ತುಬಿಡಿ, ಫ್ಯಾನ್ ಆನ್ ಆಗಬೇಕು. ಆಮೇಲೆ ಆರ್ಡುಯಿನೊದ ಚಾರ್ಜರ್ ಕೀಳಿ, ಫ್ಯಾನ್ ಓಡುತ್ತಲೇ ಇರಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಎಲ್ಲ ಆಫ್ ಆಗಬೇಕು. ಮತ್ತೆ ಆನ್ ಮಾಡಿ, ಟೂ-ವೇ ಸ್ವಿಚ್ಚನ್ನು ಅವರ ಕೈಯಲ್ಲೇ ಕೆಳಗೆ ಒತ್ತಿಸಿ. ಇದರಲ್ಲಿ ಒಂದು ತಪ್ಪಿದರೂ ಈ ಬೆಳೆಗೆ ಬೇಡ, ಸರಿ ಮಾಡಿಕೊಂಡು ಮುಂದಿನ ಬೆಳೆಗೆ ಹಾಕಿ.